ವರದಿ ತಿದ್ದುತ್ತ ಕಲಿತ ಸಂಶೋಧನೆ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳ ಕ್ರಿಯಾಸಂಶೋಧನಾ ವರದಿಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಸಿಗುತ್ತದೆ: ‘ವಿದ್ಯಾರ್ಥಿಗಳಿಗೆ ಗಣಿತದಲ್ಲಿ ಆಸಕ್ತಿ ಇಲ್ಲ.’ ಇದು ಸಮಸ್ಯೆಯ ವಿವರಣೆಯಲ್ಲ, ಮಕ್ಕಳ ಮೇಲಿನ ತೀರ್ಪು.

‘ಯಾವ ಮಕ್ಕಳಿಗೆ? ಯಾವ ಲೆಕ್ಕದಲ್ಲಿ?’ ಎಂದು ಅಂಚಿನಲ್ಲಿ ಬರೆದು ಒಬ್ಬರ ಕರಡನ್ನು ಮರಳಿಸಿದೆ. ಪುಣ್ಯಕ್ಕೆ ಅವರ ಬೋಧನಾಭ್ಯಾಸ ಇನ್ನೂ ಮುಗಿದಿರಲಿಲ್ಲ. ಉತ್ತರ ಪತ್ರಿಕೆಗಳನ್ನು ಮತ್ತೆ ಹರವಿಕೊಂಡು ಕೂತರು. ತಪ್ಪಿದ್ದು ಭಿನ್ನರಾಶಿಯಲ್ಲಿ, ಅದೂ ಛೇದ ಬೇರೆಯಿದ್ದ ಕೂಡುವ ಲೆಕ್ಕಗಳಲ್ಲಿ. ಹಾಜರಿ ಪುಸ್ತಕ ನೋಡಿದರೆ, ತಪ್ಪಿದವರಲ್ಲಿ ಹೆಚ್ಚಿನವರು ಆ ಪಾಠದ ವಾರ ಶಾಲೆಗೇ ಬಂದಿರಲಿಲ್ಲ. ಕೇಳಿದಾಗ, ಗೋವಿನಜೋಳ ಮುರಿಯಲು ಹೊಲಕ್ಕೆ ಹೋಗಿದ್ದೆವು ಎಂದರು. ‘ಆಸಕ್ತಿ’ ಎಂಬ ಪದ ವರದಿಯಿಂದ ತಾನಾಗಿ ಬಿದ್ದುಹೋಯಿತು. ಸಂಶೋಧನಾ ವಿಧಾನದ ಘಟಕವನ್ನು ನಾನು ಉಪನ್ಯಾಸದಲ್ಲಿ ಮುಗಿಸಿದಾಗ ಆಗದ ಕಲಿಕೆ ಇದು.

ಸ್ಟೀಫನ್ ಕೋರಿ 1953ರಲ್ಲಿ ಕ್ರಿಯಾಸಂಶೋಧನೆಯ ಪುಸ್ತಕ ಬರೆದದ್ದು ಶಿಕ್ಷಕರು ತಮ್ಮ ಕೆಲಸವನ್ನು ತಾವೇ ಪರೀಕ್ಷಿಸಿಕೊಳ್ಳಲಿ ಎಂದು. ನಮ್ಮಲ್ಲಿ ಅದು ಸ್ಪೈರಲ್ ಬೈಂಡಿಂಗ್ ಕೆಲಸವಾಗಿದೆ. ಪೂರ್ವ ಪರೀಕ್ಷೆಯ ಪ್ರಶ್ನೆಗಳನ್ನೇ ವಾರದ ನಂತರ ಮತ್ತೆ ಕೊಟ್ಟು ಅಂಕ ಏರಿತೆಂದರೆ, ಏರಿದ್ದು ತಿಳಿವಳಿಕೆಯೋ ಬರೀ ನೆನಪೋ? ತಪ್ಪು ನಮ್ಮದೂ ಹೌದು. ‘ಪ್ರಾಕ್ಕಲ್ಪನೆ ಸಾಬೀತಾಗಿದೆ’ ಎಂದು ಬರೆದವರಿಗೇ ಆಂತರಿಕ ಅಂಕ ಹೆಚ್ಚು ಕೊಡುತ್ತೇವೆ. ‘ನನ್ನ ಉಪಾಯ ಫಲಿಸಲಿಲ್ಲ, ಕಾರಣ ಹೀಗಿರಬಹುದು’ ಎಂದವರಿಗೂ ಪೂರ್ಣ ಅಂಕ ಸಿಗಲಿ. ಶಾಲೆಯಲ್ಲಿರುವಾಗಲೇ ವಾರಕ್ಕೊಂದು ಪುಟ ಬರೆಸಿ ತಿದ್ದೋಣ. ಕಾಲೇಜಿಗೆ ಮರಳಿದ ಮೇಲೆ ಅಂಚಿನಲ್ಲಿ ಪ್ರಶ್ನೆ ಬರೆದರೆ, ಕೇಳಲು ಎದುರಿಗೆ ಮಕ್ಕಳಿರುವುದಿಲ್ಲ.