ಕೊಡದ ತಳದಲ್ಲಿ ಕೂರುವ ಹೊಲ

ಸೋದರಿಯರೇ, ಮುಂಗಾರು ಹಿಡಿದು ಎಂಟು ದಿನವಾಗುವಷ್ಟರಲ್ಲಿ ನಮ್ಮ ಹರಿಹರದ ಹೊಳೆ ಚಹಾದ ಬಣ್ಣಕ್ಕೆ ತಿರುಗುತ್ತದೆ. ಹೊಸ ನೀರು ಬಂತು ಅಂತ ಸಂತೋಷಪಡುತ್ತೇವೆ, ಪಡಬೇಕಾದ್ದೇ. ಆದರೆ ಆ ನೀರನ್ನು ಒಂದು ಗಾಜಿನ ಲೋಟದಲ್ಲಿ ತುಂಬಿ ರಾತ್ರಿಯಿಡೀ ಅಲುಗಿಸದೆ ಇಟ್ಟು ನೋಡಿ. ಬೆಳಿಗ್ಗೆ ತಳದಲ್ಲಿ ಕೂತಿರುತ್ತದಲ್ಲ ಕೆಸರು, ಅದರಲ್ಲಿ ಬಹುಪಾಲು ಮೇಲಿನ ಊರಿನ ಯಾರದೋ ಹೊಲದ ಮೇಲ್ಮಣ್ಣು.

ತುಂಗೆ, ಭದ್ರೆ ಎರಡೂ ಗಂಗಾಮೂಲದಲ್ಲಿ ಹುಟ್ಟಿ, ಕೂಡಲಿಯಲ್ಲಿ ಒಂದಾಗಿ, ಹೊನ್ನಾಳಿ ದಾಟಿ ನಮ್ಮಲ್ಲಿಗೆ ಬರುತ್ತವೆ. ಅಲ್ಲಿ ಕಾಡಿನ ನೆಲದ ಮೇಲೆ ತರಗೆಲೆ ಹಾಸಿರುತ್ತದೆ. ಮಳೆಹನಿ ಅದರ ಮೇಲೆ ಬಿದ್ದು ಮೆಲ್ಲಗೆ ಇಳಿಯುತ್ತದೆ, ಎರೆಹುಳು ಕೊರೆದ ತೂತುಗಳಲ್ಲಿ ಇಂಗುತ್ತದೆ. ಬರಿ ನೆಲದ ಕಥೆಯೇ ಬೇರೆ. ಗೊಬ್ಬರ ಕಾಣದೆ ಸೊರಗಿದ ಮಣ್ಣಿನ ಮೇಲೆ ಹನಿ ಬಡಿದರೆ ಹೆಂಟೆ ಪುಡಿಯಾಗಿ, ಆ ನುಣ್ಣನೆ ಪುಡಿ ತೂತುಗಳನ್ನೇ ಮುಚ್ಚಿಬಿಡುತ್ತದೆ. ಆಮೇಲೆ ನೀರು ಇಂಗುವುದಿಲ್ಲ, ಮಣ್ಣನ್ನೂ ಎಳೆದುಕೊಂಡು ಹಳ್ಳಕ್ಕೆ ಓಡುತ್ತದೆ.

ಕುದುರೆಮುಖದ ಅದಿರು ಗಣಿಯಿಂದ ಭದ್ರೆಗೆ ಹೂಳು ಬರುತ್ತದೆಂದು ಎಷ್ಟು ಗಲಾಟೆಯಾಯಿತು, ನೆನಪಿರಬಹುದು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, 2005ರ ಕೊನೆಗೆ ಗಣಿ ನಿಂತಿತು. ಹೊಳೆ ಮಾತ್ರ ಇಂದಿಗೂ ಕೆಂಪಾಗಿಯೇ ಬರುತ್ತದೆ. ಹೊಸಪೇಟೆಯ ತುಂಗಭದ್ರಾ ಜಲಾಶಯ ಕಟ್ಟಿದಾಗ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು, ಈಗ ಸುಮಾರು 105. ಉಳಿದ ಜಾಗದಲ್ಲಿ ಹೂಳು ಕೂತಿದೆ. ರೈತರನ್ನು ಬೈಯಲು ಬರೆಯುತ್ತಿಲ್ಲ, ನನ್ನ ತವರಿನವರೂ ಮೆಕ್ಕೆಜೋಳ ಬೆಳೆಯುವವರೇ. ಆದರೆ ಜೂನ್ ತಿಂಗಳಲ್ಲಿ ಆ ಸಾಲುಗಳ ನಡುವೆ ನೆಲ ಬೆತ್ತಲೆಯೇ ಇರುತ್ತದೆ. ಇಳಿಜಾರಿಗೆ ನೇರವಾಗಿ ಉತ್ತರಂತೂ ಪ್ರತಿ ಸಾಲೂ ಒಂದು ಕಾಲುವೆ!

ಇನ್ನು ಮನೆಯ ವಿಚಾರ. ಕೆಸರಿನ ಕಣದ ಮರೆಯಲ್ಲಿ ರೋಗಾಣು ಅಡಗಿದರೆ ಕ್ಲೋರಿನ್ ಅದಕ್ಕೆ ತಟ್ಟುವುದಿಲ್ಲ. ವಾಸನೆ ಬಂತು, ನೀರು ಶುದ್ಧವಾಗಿದೆ ಅಂದುಕೊಳ್ಳಬೇಡಿ. ಪಟಿಕದ ಗಡ್ಡೆಯನ್ನು ಕೊಡದ ನೀರಿನಲ್ಲಿ ನಾಲ್ಕಾರು ಸುತ್ತು ಆಡಿಸಿ, ತಿಳಿಯಾಗಲು ಬಿಡಿ. ಮೇಲಿನ ನೀರನ್ನಷ್ಟೇ ಬಗ್ಗಿಸಿ, ಮಡಿಸಿದ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸಿ. ತಿಳಿಯಾದ ಮಾತ್ರಕ್ಕೆ ಕುದಿಸುವುದನ್ನು ಬಿಡಬಾರದು.

ಕುದಿಸಿದರೂ ಹೋಗದ್ದು ಒಂದಿದೆ. ಹೊಲಕ್ಕೆ ಹಾಕಿದ ಯೂರಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ. ಸತ್ವವಿಲ್ಲದ ಮಣ್ಣಿಗೆ ಅದನ್ನು ಹಿಡಿದಿಡುವ ಶಕ್ತಿಯಿಲ್ಲ, ಹೀಗಾಗಿ ಅದು ನೀರಿನಲ್ಲಿ ಕರಗಿ ಬಾವಿಗೆ, ಬೋರ್‌ವೆಲ್ಲಿಗೆ, ಹೊಳೆಗೆ ಸೇರುತ್ತದೆ. ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂದು ನಮ್ಮ ದೇಶದ ಮಾನದಂಡ. ಕುದಿಸಿದರೆ ನೀರು ಬತ್ತಿ ಅದು ಇನ್ನೂ ಗಟ್ಟಿಯಾಗುತ್ತದೆ, ಪಟಿಕಕ್ಕೂ ಬಗ್ಗುವುದಿಲ್ಲ. ಆರು ತಿಂಗಳೊಳಗಿನ ಕೂಸಿಗೆ ಇಂಥ ನೀರಿನಲ್ಲಿ ಪುಡಿ ಹಾಲು ಕಲಸಿ ಕೊಟ್ಟರೆ ರಕ್ತ ಆಮ್ಲಜನಕ ಒಯ್ಯಲಾರದೆ ಮೈ ನೀಲಿಗಟ್ಟಬಹುದು. ಎದೆಹಾಲೇ ಸಾಕು, ಅಷ್ಟು ಸಣ್ಣ ಕೂಸಿಗೆ ಬೇರೆ ನೀರು ಬೇಡ. ಹೊಲದ ಪಕ್ಕದ ಬಾವಿಯೇ ಗತಿಯಾದವರು ಒಮ್ಮೆ ನೀರಿನ ಪರೀಕ್ಷೆ ಮಾಡಿಸಿ, ನೈಟ್ರೇಟ್ ಎಷ್ಟಿದೆ ಅಂತ ಬಾಯಿಬಿಟ್ಟು ಕೇಳಿ.

ಹೊಲವಿರುವ ಮನೆಯವರಿಗೆ ಇನ್ನೊಂದು ಮಾತು. ಇಳಿಜಾರಿಗೆ ಅಡ್ಡಲಾಗಿ ಉಳುವುದು, ರವದಿಯನ್ನು ಸುಡದೆ ಹೊಲದಲ್ಲೇ ಹರಡುವುದು, ಕೊಟ್ಟಿಗೆ ಗೊಬ್ಬರ ಹಾಕುವುದು, ಇವೆಲ್ಲ ನಿಮಗೆ ಗೊತ್ತಿದ್ದದ್ದೇ. ಬದುವಿನ ಮೇಲೆ ಲಾವಂಚ ಹಾಕುವುದು ಮಾತ್ರ ನಮ್ಮ ಕಡೆ ಕಡಿಮೆ. ಗುಂಡ್ಲುಪೇಟೆ ಸೀಮೆಯ ರೈತರು ಇದನ್ನು ಬಹಳ ಹಿಂದಿನಿಂದ ಮಾಡುತ್ತ ಬಂದಿದ್ದಾರೆ. ಬೇರು ಆಳಕ್ಕೆ ನೆಟ್ಟಗೆ ಇಳಿಯುತ್ತದೆ, ಒತ್ತಾಗಿ ಬೆಳೆದ ಬುಡ ನೀರನ್ನು ಬಿಟ್ಟು ಮಣ್ಣನ್ನು ತಡೆಯುತ್ತದೆ. ನಮ್ಮಣ್ಣ ಹೋದ ವರ್ಷ ಎರಡು ಬದುವಿಗೆ ಹಾಕಿದ. ಕುಡಿಯುವ ನೀರಿನ ಗಡಿಗೆಗೆ ಹಾಕಲು ನನಗೊಂದು ಹಿಡಿ ಬೇರು ಕೊಡು ಅಂದೆ. "ಅದನ್ನ ಕಿತ್ಕೊಟ್ರೆ ಬದು ಏನ್ ಹಿಡ್ಕೊಂಡು ನಿಲ್ಬೇಕು ತಂಗಿ? ಪ್ಯಾಟ್ಯಾಗ ಕೊಂಡ್ಕೋ ಹೋಗು" ಅಂದ.