ಬುದ್ಧಬಿಂಬಕ್ಕೆ ಜಿನನಾಮವೇಕೆ?

ಬಸದಿಯೊಂದರ ಆಡಳಿತ ಮಂಡಳಿಯವರು ಇತ್ತೀಚೆಗೆ ನನಗೆ ಹಳೆಯ ಕಂಚಿನ ವಿಗ್ರಹವೊಂದನ್ನು ತೋರಿಸಿದರು. ಗೇಣುದ್ದದ ಧ್ಯಾನಸ್ಥ ಮೂರ್ತಿ. ‘ಶ್ರೀ ಆದಿನಾಥಸ್ವಾಮಿ’ ಎಂಬ ಫಲಕವೂ ಸಿದ್ಧವಾಗಿತ್ತು. ಆದರೆ ಮೂರ್ತಿಯ ಬಲಗೈ ಮೊಣಕಾಲನ್ನು ದಾಟಿ ನೆಲವನ್ನು ಮುಟ್ಟುತ್ತಿತ್ತು. ಎಡ ಹೆಗಲಿನ ಮೇಲೆ ಚೀವರದ ಮಡಿಕೆ ಎದ್ದು ಕಾಣುತ್ತಿತ್ತು. ಇದು ಭೂಸ್ಪರ್ಶ ಮುದ್ರೆಯ ಬುದ್ಧನೆಂದೆ. “ಇರಲಿ ಬಿಡಿ ಸಾಹುಕಾರರೇ, ಶಾಂತಮುಖ ಇದೆಯಲ್ಲ, ಸಾಕು” ಎಂಬ ಉತ್ತರ ಬಂದಿತು.

ಸಾಲದು. ಗುಂಗುರು ಕೂದಲು, ನೀಳ ಕಿವಿ, ಅರೆತೆರೆದ ಕಣ್ಣು ಉಭಯ ಸಂಪ್ರದಾಯಗಳಿಗೂ ಸಮಾನ. ಮುಖವನ್ನು ನೋಡಿ ನಿರ್ಣಯಿಸುವವನು ಮೋಸಹೋಗುವುದು ಅಲ್ಲಿಯೇ. ನೋಡಬೇಕಾದುದು ಕೈಗಳನ್ನು, ಮೈಯನ್ನು, ಪೀಠವನ್ನು. ಕುಳಿತ ಜಿನನ ಎರಡೂ ಅಂಗೈಗಳು ಮಡಿಲಿನಲ್ಲಿ ಒಂದರ ಮೇಲೊಂದಿರುತ್ತವೆ, ನಿಂತರೆ ಕಾಯೋತ್ಸರ್ಗ. ನಮ್ಮ ದಿಗಂಬರ ಬಿಂಬಕ್ಕೆ ವಸ್ತ್ರದ ಗೆರೆಯೂ ಇರದು. ಬುದ್ಧನೂ ಮಡಿಲಲ್ಲಿ ಕೈಯಿಟ್ಟು ಕುಳಿತಿರುವುದುಂಟು; ಆಗ ಚೀವರವೇ ಸಾಕ್ಷಿ.

ಮಂಗಳೂರಿನ ಕದ್ರಿಯ ಮಂಜುನಾಥ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯನ್ನು ನೋಡಿರಿ. ಮೂರು ಮುಖ, ಆರು ಕೈ, ಮುಕುಟದಲ್ಲಿ ಧ್ಯಾನಿಬುದ್ಧ. ಆಳುಪ ದೊರೆ ಕುಂದವರ್ಮನು 968ರಲ್ಲಿ ವಿಹಾರದಲ್ಲಿ ಲೋಕೇಶ್ವರನನ್ನು ಸ್ಥಾಪಿಸಿದನೆಂದು ಪೀಠದ ಶಾಸನವೇ ಹೇಳುತ್ತದೆ. ಇಂದು ಅದಿರುವುದು ಶಿವಾಲಯದಲ್ಲಿ. ಆದರೂ ಹೆಸರು ಅಳಿಯಲಿಲ್ಲ, ಅಕ್ಷರ ಉಳಿದದ್ದರಿಂದ. ಪದ್ಮಾವತೀ ಯಕ್ಷಿಯ ಮುಕುಟದಲ್ಲಿ ಪಾರ್ಶ್ವನಾಥನನ್ನು ಕಂಡು ಕೈಮುಗಿಯುವ ಶ್ರಾವಕರಿಗೆ ಈ ಮುಕುಟಬುದ್ಧನ ಅರ್ಥ ತಿಳಿಯದೆ? (ಹುಣಿಸೆಹಣ್ಣು ಹಚ್ಚಿ ಪೀಠದ ಅಕ್ಷರಗಳನ್ನು ಸವೆಸುವ ನಮ್ಮ ಭಕ್ತಿಯ ಬಗ್ಗೆ ಮತ್ತೊಮ್ಮೆ ಬರೆಯುವೆ.)

ಗಾದಿಗನೂರಿನ ನಮಗೆ ಹಂಪಿ ದೂರವಲ್ಲ. ಹೇಮಕೂಟದ ಮೆಟ್ಟಿಲು ಶಿಖರದ ಗುಡಿಗಳನ್ನು ‘ಜೈನ ಗುಡಿಗಳು’ ಎಂದು ಬಹುಕಾಲ ಕರೆದರು, ಅವು ಶಿವಾಲಯಗಳು. ಹರಿಹರನ ದಂಡನಾಯಕ ಇರುಗಪ್ಪನು 1385ರಲ್ಲಿ ಕಟ್ಟಿಸಿದ ಕುಂಥುನಾಥ ಚೈತ್ಯಾಲಯ, ಇಂದಿನ ಗಾಣಿಗಿತ್ತಿ ಬಸದಿ, ಶಾಸನಸಹಿತ ನಮ್ಮದಾಗಿ ನಿಂತಿರುವಾಗ ಹೇಮಕೂಟದ ಕಡ ನಮಗೇಕೆ?

ಪರರ ಖಾತೆಯ ಹಣವನ್ನು ನಮ್ಮ ಜಮೆಗೆ ಬರೆದುಕೊಂಡರೆ ಅಂಗಡಿಯಲ್ಲಿ ಅದನ್ನು ಏನೆನ್ನುತ್ತೇವೆ? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ಬರಹವನ್ನು, ಎಣಿಸುತ್ತದೆ. ಬಸದಿಯ ಫಲಕಕ್ಕೆ ಅದರಿಂದ ವಿನಾಯಿತಿ ಇದೆಯೆ? ಬುದ್ಧನಿಗೆ ಅವಮಾನವಾಗುವುದಕ್ಕಿಂತ ಹೆಚ್ಚಾಗಿ ನಿಜವಾದ ಜಿನಬಿಂಬಗಳ ಫಲಕಗಳನ್ನೂ ನಾಳೆ ಯಾರೂ ನಂಬರು.

ಆ ಮಂಡಳಿಯವರು ಫಲಕವನ್ನು ಕೈಬಿಡಲಿ. ನೂರು ವರ್ಷ ಮೀರಿದ ಶಿಲ್ಪಗಳಿಗೆ ಅನ್ವಯಿಸುವ 1972ರ ಪುರಾವಸ್ತು ಕಾಯಿದೆಯಂತೆ ಮೂರ್ತಿಯನ್ನು ನೋಂದಾಯಿಸಲಿ, ಬುದ್ಧನೆಂದೇ ಬರೆಸಲಿ. ಅಭಿಷೇಕದ ದಿನವನ್ನು ಗೊತ್ತುಮಾಡಿರುವರೆಂದು ಕೇಳಿದ್ದೇನೆ. ಅದಕ್ಕೆ ಮುಂಚೆ ಈ ಸಂಚಿಕೆ ಅವರ ಕೈಸೇರಲಿ.