ಮುಂಚಕ್ರದ ‘ಟಕ್ ಟಕ್’

ಕೈ ಬದಲಾಗಿ ಬಂದ ಕಾರಿನ ಮುಂಭಾಗದಲ್ಲಿ ‘ಟಕ್ ಟಕ್’ ಸದ್ದು ಕೇಳಿದೊಡನೆ ಷಾಕ್ ಅಬ್ಸಾರ್ಬರುಗಳನ್ನೇ ದೂಷಿಸಿ, ಅವನ್ನು ಬದಲಾಯಿಸಿ ಹಣ ಕಳೆದುಕೊಳ್ಳುವವರು ಅನೇಕರು. ನಾಡಿ ನೋಡದೆ ಔಷಧ ಕೊಟ್ಟಂತೆ ಅದು!

ಸದ್ದು ಯಾವಾಗ ಬರುವುದೆಂಬುದನ್ನು ಮೊದಲು ಗಮನಿಸಬೇಕು. ಇಂದಿನ ಹೆಚ್ಚಿನ ಸಣ್ಣ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ ವ್ಯವಸ್ಥೆ. ನಿಧಾನವಾಗಿ ಸಾಗುವಾಗ ಸಣ್ಣ ಉಬ್ಬುತಗ್ಗುಗಳಲ್ಲಿ ಸದ್ದಾದರೆ ಸ್ಟೆಬಿಲೈಸರ್ ಲಿಂಕ್ ಸವೆದಿರಬಹುದು. ಬ್ರೇಕ್ ಒತ್ತಿದ ಕ್ಷಣ ಒಂದೇ ಪೆಟ್ಟು ಕೇಳಿಸಿದರೆ ಲೋಯರ್ ಆರ್ಮಿನ ರಬ್ಬರ್ ಬುಷ್ ಹರಿದಿರುವ ಸಂಭವವುಂಟು. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸುವಾಗ ಸದ್ದಾದರೆ ಸ್ಟ್ರಟ್‌ನ ಮೇಲ್ತುದಿಯ ಬೇರಿಂಗನ್ನು ನೋಡಬೇಕು.

ಅನಂತರ ಕಾರನ್ನು ಜಾಕಿನಿಂದೆತ್ತಿ, ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರವನ್ನು ಗಡಿಯಾರದ ಮುಖವೆಂದು ಭಾವಿಸಿ 12 ಮತ್ತು 6ರ ಸ್ಥಾನಗಳಲ್ಲಿ ಹಿಡಿದು ಅಲುಗಿಸಬೇಕು. ಸಡಿಲವೆನಿಸಿದರೆ ದೋಷ ಬಾಲ್ ಜಾಯಿಂಟಿನದು ಅಥವಾ ಚಕ್ರದ ಬೇರಿಂಗಿನದು. 9 ಮತ್ತು 3ರಲ್ಲಿ ಮಾತ್ರ ಸಡಿಲವಿದ್ದರೆ ಟೈ ರಾಡಿನ ತುದಿಯದು.

ಲಿಂಕ್ ಸವೆದರೆ ಕಿವಿಗೆ ಹಿಂಸೆಯಾದೀತು, ಅಷ್ಟೆ. ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಗುಚಿ ಪ್ರಾಣಕ್ಕೆ ಸಂಚಕಾರ ಬಂದೀತು. ಆದುದರಿಂದ ಈ ಪರೀಕ್ಷೆ ಮುಗಿಯುವವರೆಗೆ ದೂರಪ್ರಯಾಣಕ್ಕೆ ಹೊರಡದಿರುವುದೇ ವಿವೇಕ.